ಮೂರು ಮೈಲಿ ಆಳದ ಬೆಳ್ಳಿ

ಹೊನ್ನಾವರದಿಂದ ಶರಾವತಿಯ ದಂಡೆಗುಂಟ ಮೂಡಣಕ್ಕೆ ಸಾಗಿದವರಿಗೆ ಘಟ್ಟದ ಬುಡದಲ್ಲಿ ಎದುರಾಗುವ ಗೇರುಸೊಪ್ಪೆಯು, ಇಂದು ಚತುರ್ಮುಖ ಬಸದಿಯನ್ನೂ ಕಾಡು ಮುಸುಕಿದ ಕೆಲವು ಅವಶೇಷಗಳನ್ನೂ ಬಿಟ್ಟರೆ ಗತವೈಭವದ ಕುರುಹುಗಳನ್ನು ಹೆಚ್ಚಾಗಿ ಉಳಿಸಿಕೊಂಡಿರದ ಊರಾದರೂ, ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಚೆನ್ನಭೈರಾದೇವಿಯ ರಾಜಧಾನಿಯಾಗಿ ಮೆರೆದುದೆಂಬುದನ್ನೂ, ಅಲ್ಲಿಂದ ಹೊಳೆಯಿಳಿದು ಕಡಲು ಸೇರುತ್ತಿದ್ದ ಕರಿಮೆಣಸಿನ ದೆಸೆಯಿಂದ ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರೆಂಬುದನ್ನೂ ನಮ್ಮವರು ಬಲ್ಲರು. ಆ ಊರಿನದೇ ಹೆಸರನ್ನು ಹೊತ್ತ ಉಕ್ಕಿನ ಹಡಗೊಂದು, ಐರ್ಲೆಂಡಿನ ನೈಋತ್ಯಕ್ಕೆ ಸುಮಾರು ಮುನ್ನೂರು ಮೈಲಿಗಳಾಚೆ, ಅಟ್ಲಾಂಟಿಕ್ ಮಹಾಸಾಗರದ ತಳದಲ್ಲಿ, ನೀರಿನ ಮೇಲ್ಮೈಯಿಂದ 4,700 ಮೀಟರುಗಳಷ್ಟು ಕೆಳಗೆ, ನೆಟ್ಟಗೆ ಕುಳಿತಿರುವುದೆಂಬುದೂ, ಅದರ ಒಡಲಿನಿಂದ ನೂರು ಟನ್ನಿಗೂ ಮಿಗಿಲಾದ ಬೆಳ್ಳಿಯನ್ನು ನಮ್ಮ ಕಾಲದಲ್ಲಿಯೇ ಎತ್ತಿ ತಂದರೆಂಬುದೂ ಅಷ್ಟಾಗಿ ಪ್ರಚುರವಾದ ಸಂಗತಿಯಲ್ಲ.

ಜೋಗದ ಜಲಪಾತವನ್ನು ಆಂಗ್ಲರು ಗೇರುಸೊಪ್ಪೆಯ ಜಲಪಾತವೆಂದು ಕರೆಯುತ್ತಿದ್ದುದರಿಂದ ಹಡಗಿಗೆ ಆ ನಾಮಧೇಯ ಪ್ರಾಪ್ತವಾಯಿತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಎಂಬ ಕಂಪನಿಯವರಿಗೆ ತಮ್ಮ ನೌಕೆಗಳಿಗೆ ಹಿಂದೂಸ್ಥಾನದ ಊರುಕೇರಿಗಳ ಹೆಸರಿಡುವ ರೂಢಿಯಿದ್ದಿತು. ಅಸ್ಸಾಮಿನ ಗೋಲ್‌ಪಾರಾ ಹೀಗೆಯೇ ಒಂದು ಹಡಗಾಗಿ ಸಮುದ್ರಗಳನ್ನು ಸುತ್ತಿತು. ಗೇರುಸೊಪ್ಪೆಯಾದರೋ ಹುಟ್ಟುವಾಗ ಈ ಹೆಸರಿನದಾಗಿರಲಿಲ್ಲ. ಪ್ರಥಮ ಮಹಾಯುದ್ಧದಲ್ಲಿ ಜರ್ಮನರು ಮುಳುಗಿಸಿದ ಹಡಗುಗಳ ಸ್ಥಾನವನ್ನು ತುಂಬಲೋಸುಗ ಬ್ರಿಟಿಷ್ ಸರ್ಕಾರವು ಒಂದೇ ಅಚ್ಚಿನಲ್ಲಿ ಕಟ್ಟಿಸುತ್ತಿದ್ದ ಸರಕುಹಡಗುಗಳ ಪೈಕಿ ಇದೂ ಒಂದಾಗಿ, ಟೈನ್ ನದಿಯ ದಡದಲ್ಲಿದ್ದ ಪಾಮರ್ಸ್ ಎಂಬವರ ಕಾರ್ಖಾನೆಯಲ್ಲಿ ‘ವಾರ್ ರೋಬಕ್’ ಎಂಬ ಹೆಸರಿನಿಂದ ಆರಂಭಗೊಂಡು, ಕಟ್ಟಿ ಮುಗಿಯುವಷ್ಟರಲ್ಲಿ ಯುದ್ಧವೇ ಮುಗಿದುಹೋದುದರಿಂದ, 1919ರಲ್ಲಿ ಕಂಪನಿಯ ವಶಕ್ಕೆ ಬಂದು ಹೊಸ ಹೆಸರನ್ನು ಪಡೆಯಿತು. 5,237 ಟನ್ನಿನ, ನಾನೂರು ಅಡಿಗೆ ತುಸು ಮಿಕ್ಕ ಉದ್ದದ, ಶೋಭೆಯೆಂಬುದರ ಸೋಂಕೂ ಇಲ್ಲದ ದುಡಿಮೆಯ ಹಡಗು ಅದು. ಇಪ್ಪತ್ತು ವರ್ಷಗಳ ಕಾಲ ಅದರ ಬಗ್ಗೆ ಯಾರೂ ಏನನ್ನೂ ಬರೆಯಲಿಲ್ಲ. ಬರೆಯುವಂತಹುದೇನೂ ನಡೆಯಲೂ ಇಲ್ಲ.

1940ರ ಡಿಸೆಂಬರಿನಲ್ಲಿ ಅದು ಕಲ್ಕತ್ತೆಯಿಂದ ಹೊರಟಾಗ ಅದರ ಹೊಟ್ಟೆಯಲ್ಲಿ 2,600 ಟನ್ ಬೀಡುಕಬ್ಬಿಣ, ಸಾವಿರದ ಏಳುನೂರಕ್ಕೂ ಮೇಲ್ಪಟ್ಟು ಟನ್ನಿನ ಚಹ, ಇತರ ಸರಕು, ಟಪ್ಪಾಲಿನ ಚೀಲಗಳು ಮತ್ತು ಬೆಳ್ಳಿಯ ಗಟ್ಟಿಗಳು ಇದ್ದುವು. ಯುದ್ಧಕಾಲದ ಲಂಡನ್ನಿಗೆ ಇವೆಲ್ಲವೂ ಬೇಕಾಗಿದ್ದುವು. ಆಫ್ರಿಕೆಯನ್ನು ಬಳಸಿಕೊಂಡು ಫ್ರೀಟೌನ್ ಬಂದರವನ್ನು ಮುಟ್ಟಿದ ಹಡಗು, 1941ರ ಜನವರಿ 30ರಂದು ಅಲ್ಲಿಂದ ಹೊರಟ ನೌಕಾಸಮೂಹವೊಂದರ ಜೊತೆಗೂಡಿ ಉತ್ತರಾಭಿಮುಖವಾಗಿ ಸಾಗಿತು. ಜೊತೆಗೂಡಿ ಸಾಗುವುದರ ಕ್ಷೇಮವೂ ಅದರ ಸಂಕಟವೂ ಒಂದೇ: ಎಲ್ಲರ ನಡಿಗೆಯೂ ನಿಧಾನಿಯ ನಡಿಗೆಯಾಗಬೇಕು. ಫೆಬ್ರವರಿ ತಿಂಗಳ ನಡುವಿನಲ್ಲಿ ಎದುರುಗಾಳಿಯೆದ್ದು ಕಡಲು ಕ್ಷೋಭೆಗೊಂಡಾಗ, ತುಂಬಿದ ಬಸುರಿಯಂತೆ ತೇಲುತ್ತಿದ್ದ ಗೇರುಸೊಪ್ಪೆಗೆ ಆ ನಿಧಾನದ ನಡಿಗೆಯೂ ದುಸ್ಸಾಧ್ಯವಾಗಿ, ಉಳಿದ ಕಲ್ಲಿದ್ದಲಿನಲ್ಲಿ ನಿಯಮಿತ ಬಂದರವನ್ನು ಸೇರುವುದು ಆಗದ ಮಾತೆಂದು ಮನಗಂಡ ಕಪ್ತಾನ ಜೆರಾಲ್ಡ್ ಹೈಲೆಂಡನು, ಗುಂಪನ್ನು ಬಿಟ್ಟು ಐರ್ಲೆಂಡಿನ ಗಾಲ್ವೇ ಬಂದರದತ್ತ ಏಕಾಕಿಯಾಗಿ ತಿರುಗಿದನು. ಹೀಗೆ ಗುಂಪಗಲಿದ ಹಡಗನ್ನು 16ರಂದು ಬೆಳಗಿನಲ್ಲಿ ಜರ್ಮನ್ ವಿಮಾನವೊಂದು ಕಂಡು, ಅದರ ಮೇಲೆ ಸುತ್ತು ಹಾಕಿ ಹೋಯಿತು. ಅಂದಿನ ರಾತ್ರಿ ಮೆಂಗರ್ಸನ್ ಎಂಬವನ ಅಧಿಪತ್ಯದ ‘ಯು-101’ ಎಂಬ ಜಲಾಂತರ್ಗಾಮಿಯು ಬಿಟ್ಟ ಟಾರ್ಪೆಡೊ ಬಲಪಕ್ಕದ ಸರಕುಕೋಣೆಗೆ ಬಡಿಯಿತು. ಮುಂಗಂಬವು ಮುರಿದು, ಅದರೊಡನೆ ನಿಸ್ತಂತುವಿನ ತಂತಿಯೂ ಕೆಳಗುರುಳಿದುದರಿಂದ, ತಾವು ಮುಳುಗುತ್ತಿರುವೆವೆಂಬ ವಾರ್ತೆಯನ್ನು ಯಾರಿಗೂ ಮುಟ್ಟಿಸುವಂತಿರಲಿಲ್ಲ. ಇಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು.

ಹಡಗಿನಲ್ಲಿದ್ದವರು 86 ಮಂದಿ. ಎರಡನೆಯ ಅಧಿಕಾರಿಯಾಗಿದ್ದ ರಿಚರ್ಡ್ ಏರ್ಸ್ ಎಂಬಾತನು ಒಂದು ದೋಣಿಯಲ್ಲಿ ಮೂವತ್ತರಷ್ಟು ಜನರೊಡನೆ, ಅವರಲ್ಲಿ ಹೆಚ್ಚಿನವರು ಭಾರತೀಯ ಖಲಾಸಿಗಳು, ಹಾಯಿಯೇರಿಸಿ ಮೂಡಣಕ್ಕೆ ಹೊರಟನು. ಫೆಬ್ರವರಿಯ ಅಟ್ಲಾಂಟಿಕ್ ಅದು. ಬಂಗಾಳದ ಬೆಚ್ಚನೆಯ ನೀರಿನ ಮೇಲೆ ಬೆಳೆದವರು, ಬಾಯ್ಲರಿನ ಬಿಸಿಯಲ್ಲಿ ದುಡಿಯುತ್ತಿದ್ದವರು, ಉಟ್ಟ ಬಟ್ಟೆಯಲ್ಲಿಯೇ ದೋಣಿಗೆ ಇಳಿದವರು, ಆ ಚಳಿಗೆ ಒಬ್ಬೊಬ್ಬರಾಗಿ ಬಲಿಯಾದರು. ಕುಡಿಯುವ ನೀರು ತೀರಿತು. ಹದಿಮೂರನೆಯ ದಿನ, ಮಾರ್ಚ್ 1ರಂದು, ಇಂಗ್ಲೆಂಡಿನ ದಕ್ಷಿಣದ ತುದಿಯಾದ ಲಿಜ಼ರ್ಡ್ ಭೂಶಿರದ ದೀಪಸ್ತಂಭವನ್ನು ಕಂಡು, ದಡದ ಬಂಡೆಗಳ ನಡುವೆ ಅಪ್ಪಳಿಸುತ್ತಿದ್ದ ತೆರೆಗಳೊಳಗೆ ಸಿಲುಕಿ ದೋಣಿ ಮಗುಚಿಕೊಂಡಾಗ, ಅಷ್ಟು ದಿನ ಬದುಕಿ ಬಂದಿದ್ದ ಕೆಲವರೂ ದಡದ ಕಣ್ಣಳತೆಯಲ್ಲಿಯೇ ಅಸುನೀಗಿದರು. ಯುದ್ಧದ ಕಾರಣ ಊರು ಬಿಟ್ಟು ಅಲ್ಲಿ ಬಂದು ನೆಲೆಸಿದ್ದ ಬಾಲಕಿಯರು ಇದನ್ನು ಕಂಡು ಸುದ್ದಿಯೆಬ್ಬಿಸಿದರು. ಕಾವಲಿನವರು ಬಂದು ಎಳೆದುಕೊಂಡುದು ಏರ್ಸ್ ಒಬ್ಬನನ್ನೇ. ಎಂಬತ್ತಾರರಲ್ಲಿ ಉಳಿದುದು ಒಂದು.

ಏರ್ಸನಿಗೆ ಸರ್ಕಾರದ ಬಿರುದೂ ಲಾಯ್ಡ್ಸ್ ಸಂಸ್ಥೆಯ ಪದಕವೂ ಸಂದುವು, ಸಲ್ಲತಕ್ಕವೇ ಆಗಿದ್ದುವು. ಖಲಾಸಿಗಳ ಕಥೆಯನ್ನು ಬರೆಯಹೊರಟವನಿಗೆ ಮಾತ್ರ ಕೈ ತಡೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಡಲಿನಲ್ಲಿ ಸತ್ತು, ಗೋರಿಯೆಂಬುದೊಂದು ಇಲ್ಲದೆ ಹೋದ ಭಾರತೀಯ ವಾಣಿಜ್ಯನಾವಿಕರ ಆರು ಸಾವಿರಕ್ಕೂ ಮಿಗಿಲಾದ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿಸದೆ, ಮುಂಬಯಿಯಲ್ಲೊಂದು, ಚಿತ್ತಗಾಂಗಿನಲ್ಲೊಂದು ಎಂದು ಇರಿಸಿದ ಪುಸ್ತಕಗಳಲ್ಲಿ ಬರೆದಿಟ್ಟಿರುವರು. ಪುಸ್ತಕವು ಯೋಗ್ಯವಾದ ಸ್ಮಾರಕವೆಂದು ವಾದಿಸಬಹುದು, ಪುಸ್ತಕಗಳನ್ನೇ ನಂಬಿ ಬದುಕುವ ನಮ್ಮಂತಹವರು ವಿಶೇಷವಾಗಿ ವಾದಿಸಬಹುದು. ಆದರೆ ದಾರಿಹೋಕನ ಕಣ್ಣಿಗೆ ಬೀಳುವುದು ಕಲ್ಲೇ.

ನಿಧಿಶೋಧನೆಯೆಂದೊಡನೆ ಜನರ ಮನಸ್ಸಿನಲ್ಲಿ ಮೂಡುವುದು ಹಳೆಯ ನಕಾಶೆ, ಒಂಟಿ ದ್ವೀಪ, ಸಾಹಸಿಯಾದ ಮುಳುಗುಗಾರ. ವಾಸ್ತವದಲ್ಲಿ ಇಂತಹ ಶೋಧನೆಯ ಮುಕ್ಕಾಲು ಭಾಗವು ಬಂದರಗಳ ಜಮಾಖರ್ಚಿನ ಪುಸ್ತಕಗಳಲ್ಲಿ, ವಿಮೆಯ ಕಡತಗಳಲ್ಲಿ, ಶತ್ರುವಿನ ದಿನಚರಿಗಳಲ್ಲಿ ನಡೆಯುತ್ತದೆ. ಸಮುದ್ರಕ್ಕೆ ಇಳಿಯುವುದು ಕಟ್ಟಕಡೆಯ ಕೆಲಸ. ಯಾವ ಹಡಗಿನಲ್ಲಿ ಏನಿದ್ದಿತು, ಅದಕ್ಕೆ ವಿಮೆಯಿದ್ದಿತೇ, ವಿಮೆಯ ಹಣವನ್ನು ಕೊಟ್ಟವರಾರು, ಕೊಟ್ಟವರಿಗೆ ಮುಳುಗಿದ ವಸ್ತುವಿನ ಮೇಲೆ ಇನ್ನೂ ಹಕ್ಕಿರುವುದೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕದೆ ಹಗ್ಗ ಇಳಿಬಿಟ್ಟವನು ಬೇರೊಬ್ಬರ ಸ್ವತ್ತನ್ನು ಎತ್ತಿಕೊಟ್ಟು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಆಳದಿಂದ ನಿಧಿಯನ್ನೆತ್ತುವ ವಿದ್ಯೆಗೆ ಮೊದಲ ಮೇಲ್ಪಂಕ್ತಿಯನ್ನು ಹಾಕಿಕೊಟ್ಟುದು, ಹಿಂದೂಸ್ಥಾನಕ್ಕೇ ಸಂಬಂಧಿಸಿದ ಇನ್ನೊಂದು ಹಡಗು. ಲಂಡನ್ನಿನಿಂದ ಮುಂಬಯಿಗೆ ಹತ್ತು ಲಕ್ಷ ಪೌಂಡಿಗೂ ಮೇಲ್ಪಟ್ಟ ಬೆಲೆಯ ಚಿನ್ನ ಬೆಳ್ಳಿಗಳನ್ನು ಹೊತ್ತು ಹೊರಟಿದ್ದ ‘ಈಜಿಪ್ಟ್’ ಎಂಬ ಪ್ರಯಾಣಿಕರ ಹಡಗು, 1922ರ ಮೇ 20ರಂದು ಫ್ರಾನ್ಸಿನ ಪಶ್ಚಿಮತೀರದ ದಟ್ಟ ಮಂಜಿನಲ್ಲಿ ‘ಸೇನ್’ ಎಂಬ ಫ್ರೆಂಚ್ ಹಡಗಿನ ಢಿಕ್ಕಿಗೆ ಸಿಕ್ಕಿ ಮುಳುಗಿತು. ನಾನೂರು ಅಡಿಯ ಆಳ. ಅಂದಿನ ಮುಳುಗುಗಾರನ ರಬ್ಬರಿನ ಉಡುಪಿಗೆ ನಿಲುಕದ ಆಳ. ಜಿನೋವಾ ಪಟ್ಟಣದ ‘ಸೊರಿಮಾ’ ಎಂಬ ಇಟಾಲಿಯನ್ ಸಂಸ್ಥೆಯವರು ‘ಆರ್ಟಿಲಿಯೊ’ ಎಂಬ ತಮ್ಮ ಸಣ್ಣ ಹಡಗನ್ನು ತಂದು, ಹುಡುಕಿ, 1930ರ ಆಗಸ್ಟಿನಲ್ಲಿ ಅದನ್ನು ಕಂಡುಹಿಡಿದರು. ಅವರ ಉಪಾಯ ಸರಳವೂ ಭಯಂಕರವೂ ಆಗಿದ್ದಿತು: ಗಾಜಿನ ಕಿಟಕಿಗಳುಳ್ಳ ಉಕ್ಕಿನ ಕೊಳವೆಯೊಂದರಲ್ಲಿ ಒಬ್ಬನನ್ನು ನಿಲ್ಲಿಸಿ ಮುಚ್ಚಿ ಕೆಳಗಿಳಿಸುವುದು; ಅವನು ದೂರವಾಣಿಯಲ್ಲಿ ಎಡಕ್ಕೆ, ಬಲಕ್ಕೆ ಎಂದು ಹೇಳಿದಂತೆ ಮೇಲಿನವರು ಉಕ್ಕಿನ ಪಂಜವನ್ನು ಇಳಿಸಿ ಹಡಗಿನ ಅಂತಸ್ತುಗಳನ್ನು ಸಿಡಿಮದ್ದಿನಿಂದ ಒಡೆದು ತೆಗೆಯುವುದು. ಆ ಚಳಿಗಾಲದಲ್ಲಿ ಮದ್ದುಗುಂಡಿನ ಇನ್ನೊಂದು ಹಳೆಯ ಹಡಗನ್ನು ಒಡೆಯುವ ಕೆಲಸಕ್ಕೆ ಹೋದ ‘ಆರ್ಟಿಲಿಯೊ’, ಡಿಸೆಂಬರ್ 7ರಂದು ಆ ಮದ್ದು ಒಮ್ಮೆಗೇ ಸಿಡಿದು ಚೂರಾಯಿತು. ಮುಳುಗುಗಾರರ ಮುಖಂಡನಾಗಿದ್ದ ಆಲ್ಬರ್ಟೊ ಜಾನ್ನಿಯೂ ಅವನ ನಿಪುಣ ಸಂಗಡಿಗರೂ ಮಡಿದರು. ಉಳಿದವರು ಮತ್ತೊಂದು ಹಡಗಿಗೆ ಅದೇ ಹೆಸರನ್ನಿಟ್ಟು ಬಂದು, 1932ರ ಜೂನ್ 22ರಂದು ಮೊದಲ ಚಿನ್ನವನ್ನು ಎತ್ತಿದರು.

ಆ ಪಂಜವು ಚಿನ್ನದೊಡನೆ ಎತ್ತಿ ತಂದ ಇನ್ನೊಂದು ವಸ್ತುವನ್ನು ಇಲ್ಲಿ ಹೇಳದೆ ಮುಂದುವರಿಯಲಾರೆನು. ಅವು ಹೈದರಾಬಾದಿನ ನಿಜಾಮರ ಸರ್ಕಾರಕ್ಕೆಂದು ಇಂಗ್ಲೆಂಡಿನಲ್ಲಿ ಅಚ್ಚಾಗಿ, ಇನ್ನೂ ಅಧಿಕಾರಿಯ ರುಜು ಬೀಳದಿದ್ದ ಕಾಗದದ ನೋಟುಗಳು. ಕಲಬುರಗಿ, ಬೀದರ, ರಾಯಚೂರುಗಳ ಸಂತೆಗಳಲ್ಲಿ ಅಂದು ಚಲಾವಣೆಯಲ್ಲಿದ್ದುದು ನಿಜಾಮರ ಹಣವೇ ಆದುದರಿಂದ, ಜೋಳದ ಚೀಲಕ್ಕೋ ಎತ್ತಿನ ಜೋಡಿಗೋ ಬೆಲೆಯಾಗಿ ಕನ್ನಡದ ಒಕ್ಕಲಿಗನೊಬ್ಬನ ಸೊಂಟದ ಚೀಲವನ್ನು ಸೇರಬಹುದಾಗಿದ್ದ ನೋಟು, ಹತ್ತು ವರ್ಷ ಫ್ರಾನ್ಸಿನ ಕಡಲಿನಲ್ಲಿ ನೆನೆದು, ಇಟಲಿಯವರ ಕೈಯಿಂದ ಮೇಲೆದ್ದು ಬಂದಿತು. ಇಂದು ನಾಣ್ಯಸಂಗ್ರಾಹಕರು ಅದನ್ನು ಅದರ ಮುಖಬೆಲೆಗಿಂತ ಬಹುಪಟ್ಟು ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ನಿಜಾಮರ ಖಜಾನೆಯ ದೃಷ್ಟಿಯಲ್ಲಿಯಾದರೋ ರುಜುವಿಲ್ಲದ ಆ ಕಾಗದಕ್ಕೆ ಕವಡೆಯ ಬೆಲೆಯೂ ಇದ್ದಿರಲಾರದು.

‘ಈಜಿಪ್ಟ್’ ಬಿದ್ದುದು ನಾನೂರು ಅಡಿಯಲ್ಲಿ; ಗೇರುಸೊಪ್ಪೆ ಬಿದ್ದುದು ಹದಿನೈದು ಸಾವಿರ ಅಡಿಗೂ ಕೆಳಗೆ, ‘ಟೈಟಾನಿಕ್’ಗಿಂತಲೂ ಹೆಚ್ಚುಕಡಿಮೆ ಒಂದು ಕಿಲೋಮೀಟರಿನಷ್ಟು ಆಳದಲ್ಲಿ. ಅಲ್ಲಿ ನೀರಿನ ಒತ್ತಡವು ನಾವು ಭೂಮಿಯ ಮೇಲೆ ಹೊರುವ ಗಾಳಿಯ ಒತ್ತಡದ ನಾನೂರ ಎಪ್ಪತ್ತರಷ್ಟು. ಮನುಷ್ಯನನ್ನು ಕೊಳವೆಯಲ್ಲಿ ಕೂರಿಸಿ ಇಳಿಸುವ ಮಾತೇ ಅಲ್ಲಿ ಹುಟ್ಟದು. ಆದುದರಿಂದ ಬ್ರಿಟಿಷ್ ಸರ್ಕಾರವು ಯುದ್ಧಾನಂತರ ಬಹುಕಾಲ ಅದನ್ನು ಕೈಬಿಟ್ಟ ಗಂಟೆಂದೇ ಎಣಿಸಿದ್ದಿತು. ಯುದ್ಧಕಾಲದ ವಿಮೆಯ ಲೆಕ್ಕದಲ್ಲಿ ಸುಮಾರು 3,25,000 ಪೌಂಡುಗಳನ್ನು ಬೆಳ್ಳಿಯ ಒಡೆಯರಿಗೆ ಕೊಟ್ಟು, ಕೊಟ್ಟ ಕ್ಷಣದಿಂದಲೇ ತಾನು ಆ ಬೆಳ್ಳಿಯ ಒಡೆಯನಾಗಿದ್ದ ಸರ್ಕಾರ ಅದು. ಕಲ್ಕತ್ತೆಯಿಂದ ಹೊರಟ ಬೆಳ್ಳಿ ನಮ್ಮದಲ್ಲವೇ ಎಂದು ಕೇಳುವವರುಂಟು. ಪರಾಧೀನ ದೇಶದ ಬೆಳ್ಳಿ ಯಾರ ಆಜ್ಞೆಯಿಂದ ಯಾವ ಲೆಕ್ಕಕ್ಕೆ ಹೋಯಿತೆಂಬುದು ಕೇಳತಕ್ಕ ಪ್ರಶ್ನೆಯೇ ಹೌದಾದರೂ, ವಿಮೆಯ ಹಣವನ್ನು ಪಡೆದು ಮುಗಿದ ಮೇಲೆ ಕಡಲಿನ ಕಾನೂನು ಆ ಪ್ರಶ್ನೆಗೆ ಕಿವಿಗೊಡುವುದಿಲ್ಲ.

2010ರ ಜನವರಿಯಲ್ಲಿ ಸರ್ಕಾರದ ಸಾರಿಗೆ ಇಲಾಖೆಯು, ಫ್ಲಾರಿಡಾದ ಟ್ಯಾಂಪಾ ನಗರದ ‘ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಷನ್’ ಎಂಬ ಕಂಪನಿಗೆ ಈ ಕೆಲಸವನ್ನು ಗುತ್ತಿಗೆ ಕೊಟ್ಟಿತು. ಕರಾರು ಸ್ಪಷ್ಟವಾಗಿದ್ದಿತು: ಖರ್ಚೂ ಅಪಾಯವೂ ಕಂಪನಿಯದು, ಏನೂ ಸಿಕ್ಕದಿದ್ದರೆ ಸರ್ಕಾರಕ್ಕೆ ನಷ್ಟವಿಲ್ಲ, ಸಿಕ್ಕಿದಲ್ಲಿ ಖರ್ಚು ಕಳೆದು ಉಳಿದುದರಲ್ಲಿ ನೂರಕ್ಕೆ 80 ಪಾಲು ಕಂಪನಿಗೆ. ಕಂಪನಿಯವರು ಹೀಗೆ ಮೊದಲೇ ಬರೆಸಿಕೊಂಡುದಕ್ಕೆ ಕಾರಣವಿದ್ದಿತು. 2007ರಲ್ಲಿ ಅವರು ಪೋರ್ಚುಗಲ್ಲಿನ ಬಳಿಯ ಕಡಲಿನಿಂದ ಐದು ಲಕ್ಷ ತೊಂಬತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳನ್ನು, ಹದಿನೇಳು ಟನ್ ತೂಕದ ರಾಶಿಯನ್ನು, ಎತ್ತಿ ವಿಮಾನದಲ್ಲಿ ಫ್ಲಾರಿಡಾಕ್ಕೆ ಸಾಗಿಸಿದ್ದರು. ಅದು 1804ರಲ್ಲಿ ಆಂಗ್ಲರ ಗುಂಡಿಗೆ ಸಿಡಿದು ಮುಳುಗಿದ ‘ಮರ್ಸಿಡಿಸ್’ ಎಂಬ ತಮ್ಮ ಯುದ್ಧನೌಕೆಯೆಂದು ಸ್ಪೇನ್ ದಾವೆ ಹೂಡಿ, ಅಮೆರಿಕದ ನ್ಯಾಯಾಲಯಗಳಲ್ಲಿ ಗೆದ್ದು, 2012ರ ಫೆಬ್ರವರಿಯಲ್ಲಿ ಸೈನ್ಯದ ಎರಡು ವಿಮಾನಗಳನ್ನು ಕಳುಹಿಸಿ ಎಲ್ಲವನ್ನೂ ಹೊತ್ತುಕೊಂಡು ಹೋಯಿತು. ರಾಷ್ಟ್ರವೊಂದರ ಯುದ್ಧನೌಕೆ ಇನ್ನೂರು ವರ್ಷ ಮುಳುಗಿದ್ದರೂ ಆ ರಾಷ್ಟ್ರದ್ದೇ. ಈ ತೀರ್ಪು ನ್ಯಾಯವಾದುದೆಂದೇ ನನ್ನ ಭಾವನೆ. ಆದರೆ ಆ ಬೆಳ್ಳಿಯನ್ನು ಅಗೆದು ಟಂಕಿಸಿದ ಪೆರು ದೇಶದವರು ತಮಗೂ ಪಾಲುಂಟೆಂದು ನ್ಯಾಯಾಲಯದ ಬಾಗಿಲಿಗೆ ಬಂದು ಬರಿದೆ ಹಿಂದಿರುಗಿದುದು ನ್ಯಾಯದ ಮಾತಾಗಲಿಲ್ಲ.

ಗೇರುಸೊಪ್ಪೆ ಮುಳುಗಿದ ಸ್ಥಳವನ್ನು ಹೇಳಬಲ್ಲ ಸಾಕ್ಷಿಗಳು ಎರಡೇ: ಮುಳುಗಿಸಿದವನ ದಿನಚರಿ, ಬದುಕಿದವನ ಹೇಳಿಕೆ. ಮೋಡ ಕವಿದ ಬಿರುಗಾಳಿಯ ದಿನಗಳಲ್ಲಿ ಸೂರ್ಯನೂ ನಕ್ಷತ್ರವೂ ಕಾಣದೆ ನಾವಿಕನು ತನ್ನ ಸ್ಥಾನವನ್ನು ನಿರ್ಣಯಿಸುವುದು, ಯಾವ ದಿಕ್ಕಿಗೆ ಯಾವ ವೇಗದಿಂದ ಎಷ್ಟು ಹೊತ್ತು ನಡೆದೆನೆಂಬ ಲೆಕ್ಕದಿಂದ ಮಾತ್ರ; ಗಾಳಿಯೂ ಒಳಹರಿವೂ ಆ ಲೆಕ್ಕವನ್ನು ಗಂಟೆಗಂಟೆಗೂ ಕೆಡಿಸುತ್ತಿರುತ್ತವೆ. ಆದುದರಿಂದ ಹಡಗಿನ ಸ್ಥಾನವೆಂಬುದು ನಕಾಶೆಯ ಮೇಲಿನ ಚುಕ್ಕೆಯಾಗಿರದೆ, ನೂರಾರು ಚದರ ಮೈಲಿಗಳ ಸೀಮೆಯೇ ಆಗಿರುತ್ತದೆ. 2011ರ ಬೇಸಗೆಯಲ್ಲಿ ಕಂಪನಿಯವರು ಬಾಡಿಗೆಗೆ ಹಿಡಿದ ರಷ್ಯದ ಸಂಶೋಧನಾ ಹಡಗೊಂದು, ಕಿಲೋಮೀಟರುಗಟ್ಟಲೆ ಉದ್ದದ ಕೇಬಲಿನ ತುದಿಗೆ ಸೋನಾರ್ ಯಂತ್ರವನ್ನು ಕಟ್ಟಿ ತಳದ ಸಮೀಪದಲ್ಲಿ ಎಳೆಯುತ್ತ, ಆ ಸೀಮೆಯ ಮೇಲೆ ಒಂದರ ಪಕ್ಕಕ್ಕೊಂದರಂತೆ ಗೆರೆಗಳಲ್ಲಿ ಹಿಂದುಮುಂದಾಗಿ ಓಡಾಡಿತು. ಯಂತ್ರವು ಎರಡು ಪಕ್ಕಕ್ಕೂ ಶಬ್ದವನ್ನು ಕಳುಹಿಸುತ್ತದೆ. ಕೆಸರು ಆ ಶಬ್ದವನ್ನು ನುಂಗುತ್ತದೆ, ಬಂಡೆಯೂ ಉಕ್ಕೂ ಮರಳಿಸುತ್ತವೆ. ಮರಳಿ ಬಂದುದು ಬಂಡೆಯಿಂದಲೋ ಉಕ್ಕಿನಿಂದಲೋ ಎಂಬುದನ್ನು ಅರಿಯುವುದು ಅನುಭವದ ಮಾತು, ಬೇಸರದ ಮಾತೂ ಹೌದು. ನೀಳವಾದೊಂದು ಆಕೃತಿ ಕಂಡುಬಂದ ಮೇಲೆ ಕ್ಯಾಮೆರಾ ಹೊತ್ತ ದೂರನಿಯಂತ್ರಿತ ಯಂತ್ರವನ್ನು ಇಳಿಸಿದರು. ಟಾರ್ಪೆಡೊ ಬಡಿದ ತೂತು, ಸರಕುಕೋಣೆಗಳ ಸಂಖ್ಯೆ, ಮೈಬಣ್ಣ, ಚಹದ ಪೆಟ್ಟಿಗೆಗಳ ಅವಶೇಷ, ಇವೆಲ್ಲ ಒಂದಕ್ಕೊಂದು ತಾಳೆಯಾದುವು. ಸೆಪ್ಟೆಂಬರಿನಲ್ಲಿ ಸುದ್ದಿಯನ್ನು ಪ್ರಕಟಿಸಿದರು.

ಎತ್ತುವ ಕಾರ್ಯವು 2012 ಮತ್ತು 2013ರ ಎರಡು ಬೇಸಗೆಗಳಲ್ಲಿ ನಡೆಯಿತು. ಮೇಲಿನ ಹಡಗಿನ ಕತ್ತಲೆಕೋಣೆಯಲ್ಲಿ ಪರದೆಯನ್ನು ನೋಡುತ್ತ ಕುಳಿತವನು, ಮೂರು ಮೈಲಿ ಕೆಳಗಿನ ಯಂತ್ರದ ಲೋಹದ ಕೈಗಳನ್ನಾಡಿಸಿ, ಕೊಳೆತ ಚಹದ ರಾಶಿಯನ್ನು ಸರಿಸಿ, ಉಕ್ಕನ್ನು ಕತ್ತರಿಸಿ, ಒಂದೊಂದೂ ಮೂವತ್ತು ಕಿಲೋವನ್ನು ಮೀರಿದ ಗಟ್ಟಿಗಳನ್ನು ಬುಟ್ಟಿಗೆ ತುಂಬಬೇಕು. ಮೊದಲ ವರ್ಷ 1,218 ಗಟ್ಟಿಗಳು ಬಂದುವು, ಎರಡನೆಯ ವರ್ಷ 1,574. ವಿಮೆಯ ಕಾಗದದಲ್ಲಿ ನಮೂದಾಗಿದ್ದುದು 2,817. ಎಪ್ಪತ್ತು ವರ್ಷಗಳ ಮೇಲೆ, ಅಷ್ಟು ಆಳದಿಂದ, ಬರೀ ಇಪ್ಪತ್ತೈದು ಗಟ್ಟಿಗಳ ವ್ಯತ್ಯಾಸದೊಡನೆ ಲೆಕ್ಕ ಒಪ್ಪಿಸಿದುದು ಆ ಕಾರಕೂನರಿಗೂ ಈ ಯಂತ್ರಜ್ಞರಿಗೂ ಸಮಾನವಾಗಿ ಕೀರ್ತಿ ತರುವ ಮಾತು. ಅಷ್ಟು ಆಳದಿಂದ ಅಷ್ಟು ತೂಕದ ಅಮೂಲ್ಯ ಲೋಹವನ್ನು ಅದಕ್ಕೆ ಮುಂಚೆ ಯಾರೂ ಎತ್ತಿರಲಿಲ್ಲ. ಬೆಳ್ಳಿಯನ್ನು ಕರಗಿಸಿ ಮಾರಿದರು. ಅದರಲ್ಲಿ ಸ್ವಲ್ಪ ಭಾಗದಿಂದ ಬ್ರಿಟನ್ನಿನ ರಾಜಟಂಕಸಾಲೆಯವರು ಬ್ರಿಟಾನಿಯಾ ದೇವಿಯ ಚಿತ್ರವುಳ್ಳ ನಾಣ್ಯಗಳನ್ನು ಟಂಕಿಸಿ, ಅವುಗಳ ಅಂಚಿನಲ್ಲಿ ‘ಎಸ್.ಎಸ್. ಗೇರುಸೊಪ್ಪ’ ಎಂದು ಆಂಗ್ಲ ಲಿಪಿಯಲ್ಲಿ ಒತ್ತಿದರು. ಶೋಧಿಸಿದ ಕಂಪನಿಯು ಕಾಲಾನಂತರ ಹಡಗುಗಳನ್ನು ಬಿಟ್ಟು ಸಾಗರತಳದ ಖನಿಜಗಳ ಬೆನ್ನು ಹತ್ತಿತು.

ಬೆಳ್ಳಿಗಾಗಿ ಹೋದವರಿಗೆ ಕರಾರಿನಲ್ಲಿಲ್ಲದ ಒಂದು ನಿಕ್ಷೇಪ ದೊರೆತುದು ಟಪ್ಪಾಲಿನ ಚೀಲಗಳಲ್ಲಿ. ಕಾಗದವು ನೀರಿನಲ್ಲಿ ಕರಗಿಹೋಗಬೇಕಾದುದು ಪ್ರಕೃತಿಧರ್ಮ. ಆದರೆ ಬೆಳಕಿಲ್ಲದ, ಅತಿಶೀತಲವಾದ ಆ ತಳದಲ್ಲಿ, ಸರಕಿನ ಭಾರದಡಿ ಒತ್ತಟ್ಟಾಗಿ ಗಾಳಿಯ ಸೋಂಕಿಲ್ಲದೆ ಬಿದ್ದಿದ್ದ ಕಟ್ಟುಗಳು ಉಳಿದುವು. ಏಳುನೂರಕ್ಕೂ ಮಿಗಿಲಾದ ಪತ್ರಗಳನ್ನು ಹಾಳೆಹಾಳೆಯಾಗಿ ಬಿಡಿಸಿ, ಉಪ್ಪು ತೊಳೆದು, ಒಣಗಿಸಿ, ಓದುವ ಸ್ಥಿತಿಗೆ ತಂದರು. ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯವು 2018ರಲ್ಲಿ ಅವುಗಳ ಪ್ರದರ್ಶನವನ್ನೇರ್ಪಡಿಸಿತು. ಹಿಂದೂಸ್ಥಾನದ ದಂಡುಪ್ರದೇಶಗಳಿಂದ ಸಿಪಾಯಿಗಳೂ, ವ್ಯಾಪಾರಿಗಳೂ, ಪಾದ್ರಿಗಳೂ 1940ರ ಕೊನೆಯ ವಾರಗಳಲ್ಲಿ ತಮ್ಮವರಿಗೆ ಬರೆದ ಕಾಗದಗಳವು. ಕ್ರಿಸ್ಮಸ್ಸಿನ ಶುಭಾಶಯಗಳು, ಬಾಂಬಿನ ದಾಳಿಗೊಳಗಾದ ಊರಿನ ಚಿಂತೆ, ಮನೆಯವರ ಕುಶಲಪ್ರಶ್ನೆ. ಅವುಗಳಲ್ಲಿ ಒಂದು, ತನ್ನನ್ನು ವರಿಸಲು ಒಪ್ಪಿದ ತರುಣಿಗೆ ಸಿಪಾಯಿಯೊಬ್ಬನು ಆನಂದಾತಿಶಯದಿಂದ ಬರೆದುದು. ಅದನ್ನು ಆಕೆಗೆ ಓದಿ ಹೇಳಿದಾಗ ಆಕೆಯ ವಯಸ್ಸು 99. ಅವನಿಂದ ಮಾರೋಲೆ ಬಾರದಿದ್ದುದರಿಂದ, ಆಕೆ ಮತ್ತೊಬ್ಬನನ್ನು ಮದುವೆಯಾಗಿ, ಮಕ್ಕಳನ್ನು ಹೆತ್ತು, ಸಂಸಾರ ನಡೆಸಿದ್ದಳು.